ಕಡಿಮೆ ದುಡ್ಡಿನಲ್ಲಿ ಡೌನ್‌ಹಿಲ್ ಸೈಕಲ್: ಯಾವುದನ್ನು ಕೊಳ್ಳಬೇಕು, ಹೇಗೆ ಕಟ್ಟಬೇಕು

ಡೌನ್‌ಹಿಲ್ ಸೈಕಲ್ ಇರುವುದು ಬೆಟ್ಟ ಇಳಿಯುವುದಕ್ಕೆ ಮಾತ್ರ. ಮುಂದೆ 200 ಮಿ.ಮೀ. ಕುಗ್ಗುವ ಎರಡು ಕ್ರೌನಿನ (ಕಾಲುಗಳನ್ನು ಕೂಡಿಸುವ ಅಡ್ಡಪಟ್ಟಿ ಎರಡಿರುವ) ಫೋರ್ಕ್, ಹಿಂದೆಯೂ ಹೆಚ್ಚುಕಡಿಮೆ ಅಷ್ಟೇ ಟ್ರಾವೆಲ್ (ಚಕ್ರ ಮೇಲೆ ಕೆಳಗೆ ಆಡುವ ದೂರ), ಫೋರ್ಕಿನ ಓರೆಯನ್ನು ಹೇಳುವ 62ರಿಂದ 64 ಡಿಗ್ರಿಯ ಹೆಡ್ ಆ್ಯಂಗಲ್, 15ರಿಂದ 18 ಕಿಲೋ ತೂಕ. ಒಳ್ಳೆಯದೊಂದನ್ನು ಹೊಸದಾಗಿ ಕೊಳ್ಳುವ ದುಡ್ಡಿಗೆ ಮೋಟಾರ್‌ಸೈಕಲ್ಲೇ ಬರುತ್ತದೆ. ಆದರೆ ಇದನ್ನು ಹತ್ತಿಸಲೂ ಆಗುವುದಿಲ್ಲ, ಊರಲ್ಲಿ ಓಡಿಸಲೂ ಆಗುವುದಿಲ್ಲ. ಹಾಗಾಗಿ ಎರಡನೇ ಕೈಗೆ ಬರುವಾಗ ಬೆಲೆ ಬೇರೆ ಸೈಕಲ್‌ಗಳಿಗಿಂತ ಬೇಗ ಇಳಿದಿರುತ್ತದೆ. ಕಡಿಮೆ ದುಡ್ಡಿನವರಿಗೆ ಇರುವ ದಾರಿ ಇದೇ.

ದುಡ್ಡನ್ನು ಎಲ್ಲಿ ಸುರಿಯಬೇಕು, ಎಲ್ಲಿ ಹಿಡಿಯಬೇಕು ಎಂಬುದಕ್ಕೆ ಒಂದು ಒಳ್ಳೆಯ ಉದಾಹರಣೆ ಇದೆ. 2015ರಲ್ಲಿ ಆಸ್ಟ್ರಿಯಾದ ಲಿಯೋಗಾಂಗ್‌ನಲ್ಲಿ ನಡೆದ ವಿಶ್ವಕಪ್ ಡೌನ್‌ಹಿಲ್‌ನಲ್ಲಿ ಅಮೆರಿಕದ ಆ್ಯರನ್ ಗ್ವಿನ್ ಅವರ ಚೈನು ಗೇಟು ಬಿಟ್ಟ ಕೂಡಲೇ ತುಂಡಾಯಿತು. ಪೆಡಲ್ ತುಳಿಯುವ ಮಾತೇ ಇಲ್ಲ, ಆದರೂ ಅವರೇ ಗೆದ್ದರು. ಚೈನು, ಗೇರು, ಚೈನನ್ನು ಗೇರಿನಿಂದ ಗೇರಿಗೆ ದಾಟಿಸುವ ಡಿರೇಲರ್‌ಗಳಿಗೆ ಇಲ್ಲಿ ಕೊನೆಯ ಸ್ಥಾನ. ಬ್ರೇಕು, ಟೈರು ಮತ್ತು ಸರ್ವಿಸ್ ಆದ ಸಸ್ಪೆನ್ಷನ್‌ಗೆ ಮೊದಲ ಸ್ಥಾನ. ತೂಕ ಇಳಿಸಲೆಂದು ಒಂದು ರೂಪಾಯಿಯನ್ನೂ ಖರ್ಚು ಮಾಡಬೇಡಿ.

ಮೊದಲು ನಿಮಗೆ ಇದು ಬೇಕೇ ಎಂದು ನೋಡಿ

ಕೆನಡಾದ ವಿಸ್ಲರ್‌ನಂಥ ಕಡೆ ಚೇರ್‌ಲಿಫ್ಟ್ ಸೈಕಲ್ಲನ್ನು ಮೇಲಕ್ಕೆ ಹೊತ್ತೊಯ್ಯುತ್ತದೆ. ಕರ್ನಾಟಕದಲ್ಲಿ ಅಂಥದ್ದಿಲ್ಲ. ಜೀಪಿಗೆ ಹಾಕಿ ಹತ್ತಿಸಬೇಕು, ಇಲ್ಲವೇ ತಳ್ಳಬೇಕು. ದೇವನಹಳ್ಳಿ ಬಳಿಯ ಆವತಿ ಬೆಟ್ಟದ ಬಂಡೆ ದಾರಿಗಳಿಗೆ, ಚಿಕ್ಕಮಗಳೂರು–ಕೊಡಗಿನ ಎಸ್ಟೇಟ್ ಇಳಿಜಾರುಗಳಿಗೆ 140 ಮಿ.ಮೀ. ಫೋರ್ಕಿನ, ಹಿಂದೆ ಸಸ್ಪೆನ್ಷನ್ ಇಲ್ಲದ ಗಟ್ಟಿ ಹಾರ್ಡ್‌ಟೈಲ್ ಅಥವಾ 160 ಮಿ.ಮೀ.ಯ ಹಳೆಯ ಎಂಡ್ಯೂರೊ ಸೈಕಲ್ಲೇ ಬಹುಪಾಲು ಸಾಕು. ಅದನ್ನು ತುಳಿದುಕೊಂಡೇ ಮೇಲಕ್ಕೂ ಹೋಗಬಹುದು. (ಎಸ್ಟೇಟಿಗೆ ಮಾಲೀಕರ ಒಪ್ಪಿಗೆ, ಕಾಡಿಗೆ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು, ರಾಷ್ಟ್ರೀಯ ಉದ್ಯಾನದೊಳಗೆ ಸುಮ್ಮನೆ ಇಳಿಯುವ ಯೋಚನೆ ಬೇಡ.) ಜೀಪಿನ ವ್ಯವಸ್ಥೆ ಇದ್ದು, ಕಡಿದಾದ ಕಲ್ಲಿನ ಇಳಿಜಾರಿನಲ್ಲಿ ದಿನಕ್ಕೆ ಐದಾರು ಬಾರಿ ಇಳಿಯುವವರಿಗೆ, ದೊಡ್ಡ ಡ್ರಾಪ್ (ಎತ್ತರದ ಅಂಚಿನಿಂದ ಕೆಳಕ್ಕೆ) ಹಾರುವವರಿಗೆ ಮಾತ್ರ ಎರಡು ಕ್ರೌನಿನ ಸೈಕಲ್ ನಿಜವಾಗಿ ಬೇಕು.

ಎರಡು ಅಡ್ಡದಾರಿಗಳನ್ನು ಈಗಲೇ ಬಿಟ್ಟುಬಿಡಿ.

ಒಂದು, ಅಂಗಡಿಯಲ್ಲಿ ಸಿಗುವ ಅಗ್ಗದ 'ಡಬಲ್ ಶಾಕರ್' ಸೈಕಲ್. ಅದರ ಸ್ಪ್ರಿಂಗಿಗೆ ಡ್ಯಾಂಪರ್ ಇರುವುದಿಲ್ಲ. ಕುಗ್ಗಿದ್ದು ಅಷ್ಟೇ ರಭಸದಲ್ಲಿ ಎಗರಿ ಸವಾರನನ್ನು ಹ್ಯಾಂಡಲ್ ಮೇಲಿಂದ ಎಸೆಯುತ್ತದೆ. ಹಿಂದಿನ ಹಬ್ಬಿಗೆ (ಚಕ್ರದ ನಡುವಿನ ಭಾಗಕ್ಕೆ) ಥ್ರೆಡ್ ಮೇಲೆ ಕೂರುವ ಫ್ರೀವೀಲ್ ಇರುತ್ತದೆ. ಅದರಲ್ಲಿ ಬಲಗಡೆಯ ಬೇರಿಂಗ್ ತುಂಬ ಒಳಕ್ಕೆ ಕೂತಿರುವುದರಿಂದ ಆಕ್ಸಲಿನ ಆ ತುದಿಗೆ ಆಸರೆ ಇಲ್ಲ. ಕೆಲವು ಜಂಪ್‌ಗಳಲ್ಲೇ ಬಾಗುತ್ತದೆ.

ಎರಡು, ಮಾಮೂಲಿ ಎಂಟಿಬಿ (ಮೌಂಟನ್ ಬೈಕ್) ಫ್ರೇಮಿಗೆ ಎರಡು ಕ್ರೌನಿನ ಫೋರ್ಕ್ ಸಿಕ್ಕಿಸುವುದು. ಉದ್ದನೆಯ ಫೋರ್ಕ್ ಸನ್ನೆಕೋಲಾಗಿ ಹೆಡ್ ಟ್ಯೂಬನ್ನು (ಫೋರ್ಕ್ ಕೂರುವ ಮುಂದಿನ ಕೊಳವೆಯನ್ನು) ಹಿಂದಕ್ಕೆ ಒತ್ತುತ್ತದೆ. ಬೆಸುಗೆ ಬಿಡುವುದು ಅಲ್ಲಿಂದ ಪೆಡಲಿನ ಕಡೆಗೆ ಇಳಿಯುವ ಡೌನ್ ಟ್ಯೂಬಿನ ಕೆಳಗಡೆ, ಅದೂ ವೇಗದಲ್ಲಿ ಇರುವಾಗ. ಫೋರ್ಕ್ 20 ಮಿ.ಮೀ. ಉದ್ದವಾದರೆ ಹೆಡ್ ಆ್ಯಂಗಲ್ ಸುಮಾರು ಒಂದು ಡಿಗ್ರಿ ಬದಲಾಗುತ್ತದೆ. ಅಷ್ಟರವರೆಗೆ ಪರವಾಗಿಲ್ಲ. 100ರ ಜಾಗದಲ್ಲಿ 200 ಹಾಕುವುದು ಬೇರೆ ಮಾತು.

ಇಡೀ ಸೈಕಲ್ಲೋ, ಬಿಡಿಭಾಗಗಳೋ?

ಲೆಕ್ಕ ಹಾಕಿದರೆ ಇಡೀ ಹಳೆಯ ಸೈಕಲ್ಲೇ ಅಗ್ಗ. ಫ್ರೇಮನ್ನು ಮಾತ್ರ ಅಗ್ಗಕ್ಕೆ ಕೊಂಡು ಆಮೇಲೆ ಒಂದೊಂದೇ ಭಾಗ ಹುಡುಕುತ್ತ ಹೋದರೆ, ಸೀಟ್ ಕ್ಲಾಂಪ್, ಆಕ್ಸಲ್, ಫೋರ್ಕ್ ತಿರುಗಲು ಬೇಕಾದ ಬೇರಿಂಗಿನ ಹೆಡ್‌ಸೆಟ್, ಕೇಬಲ್, ಬೋಲ್ಟುಗಳಂಥ ಚಿಲ್ಲರೆ ವಸ್ತುಗಳೇ ಸೇರಿ ಒಂದು ಬ್ರೇಕ್ ಸೆಟ್ಟಿನ ಬೆಲೆಯಾಗುತ್ತವೆ. ಒಳ್ಳೆಯ ಫೋರ್ಕೋ ಚಕ್ರಗಳೋ ಈಗಾಗಲೇ ಕೈಯಲ್ಲಿದ್ದರೆ ಕಟ್ಟುವುದಕ್ಕೆ ಅರ್ಥ ಇದೆ. ಇಡೀ ಸೈಕಲ್ ಕೊಳ್ಳುವುದಾದರೂ ಕೈಯಲ್ಲಿರುವ ಹಣದ ಐದನೇ ಒಂದು ಭಾಗವನ್ನು ಸರ್ವಿಸ್‌ಗೆ ಎತ್ತಿಡಿ. ಹಳೆಯ ಡೌನ್‌ಹಿಲ್ ಸೈಕಲ್‌ಗೆ ಅದು ಬೇಕೇ ಬೇಕಾಗುತ್ತದೆ.

ಚಕ್ರದ ಅಳತೆಯೇ ಬೆಲೆ ಇಳಿಸುವ ದೊಡ್ಡ ಕಾರಣ. 2013ರ ತನಕದ ಡೌನ್‌ಹಿಲ್ ಸೈಕಲ್‌ಗಳು ಹೆಚ್ಚಾಗಿ 26 ಇಂಚಿನವು. ಆಮೇಲೆ 27.5 ಬಂತು, 2017ರಲ್ಲಿ ವಿಶ್ವಕಪ್‌ಗೆ 29 ಬಂತು, ಈಗ ಮುಂದೆ 29 ಹಿಂದೆ 27.5 ಹಾಕುವವರೇ ಹೆಚ್ಚು. 26 ಇಂಚಿನದು ಅತಿ ಅಗ್ಗ, ಇಳಿಯುವುದಕ್ಕೆ ಏನೂ ಕೊರತೆಯಿಲ್ಲ; ಆದರೆ ಒಳ್ಳೆಯ ಟೈರುಗಳ ಆಯ್ಕೆ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ. ಬೆಲೆಯ ಅಂತರ ಸಣ್ಣದಿದ್ದರೆ 27.5ಕ್ಕೆ ಹೋಗಿ. ಸ್ಪೆಷಲೈಜ್ಡ್ ಡೆಮೊ, ಟ್ರೆಕ್ ಸೆಷನ್, ಜೈಂಟ್ ಗ್ಲೋರಿ, ಕೋನಾ ಆಪರೇಟರ್, ನಾರ್ಕೊ ಆರಮ್ ಇವುಗಳ ಅಲ್ಯೂಮಿನಿಯಂ ಮಾದರಿಗಳು ಹಳೆಯದಕ್ಕೆ ಹುಡುಕುವಾಗ ಒಳ್ಳೆಯ ಹೆಸರುಗಳು. ಕಾರ್ಬನ್ ಬೇಡ. ಒಳಗಿನ ಪೆಟ್ಟು ಹೊರಗೆ ಕಾಣುವುದಿಲ್ಲ.

ಕೆನಡಾ, ಬ್ರಿಟನ್‌ಗಳಲ್ಲಿರುವವರಿಗೆ ಹಂಗಾಮು ಮುಗಿಯುವ ಸೆಪ್ಟೆಂಬರ್–ಅಕ್ಟೋಬರ್ ಒಳ್ಳೆಯ ಕಾಲ. ಬೈಕ್ ಪಾರ್ಕ್‌ಗಳು ಬಾಡಿಗೆ ಸೈಕಲ್‌ಗಳನ್ನು ಆಗ ಮಾರುತ್ತವೆ. ಅವು ಸಿಕ್ಕಾಪಟ್ಟೆ ಓಡಿರುತ್ತವೆ ನಿಜ, ಆದರೆ ಮೆಕ್ಯಾನಿಕ್ಕಿನ ಕೈ ಕೂಡ ಪದೇಪದೇ ಬಿದ್ದಿರುತ್ತದೆ. ಊರಿಗೆ ತರುವ ಯೋಚನೆ ಇದ್ದರೆ ವಿಮಾನದ ತೂಕದ ಮಿತಿ ಮತ್ತು ಕಸ್ಟಮ್ಸ್ ಸುಂಕ ಎರಡನ್ನೂ ಕೊಳ್ಳುವ ಮೊದಲೇ ಲೆಕ್ಕಕ್ಕೆ ಸೇರಿಸಿ.

ಅಳತೆಗಳು: ದುಡ್ಡು ಸೋರುವ ಜಾಗ

ಮಾರುವವರ ಮಾತು ನಂಬದೆ ವರ್ನಿಯರ್ ಕ್ಯಾಲಿಪರ್ ಹಿಡಿದು ಅಳೆಯಿರಿ.

ಮುಂದಿನ ಹಬ್ಬು: 20×110 ಮಿ.ಮೀ. (ಆಕ್ಸಲಿನ ದಪ್ಪ × ಹಬ್ಬಿನ ಅಗಲ). ಇದರಲ್ಲೇ ಹಳೆಯದು ಮತ್ತು ಬೂಸ್ಟ್ ಎಂದು ಎರಡಿವೆ. ಅಗಲ, ಆಕ್ಸಲ್ ಎರಡೂ ಒಂದೇ ಆದ್ದರಿಂದ ಚಕ್ರ ಕೂರುತ್ತದೆ. ಆದರೆ ಡಿಸ್ಕ್ ಕ್ಯಾಲಿಪರಿನ ನಡುವೆ ಬರುವುದಿಲ್ಲ.

ಹಿಂದಿನ ಹಬ್ಬು: 12×150 ಅಥವಾ 12×157. ಇವೆರಡೂ ಮೂಲದಲ್ಲಿ ಒಂದೇ ಹಬ್ಬು. 157ರಲ್ಲಿ ಎರಡೂ ಬದಿಗೆ 3.5 ಮಿ.ಮೀ. ಹೆಚ್ಚು, ಅಷ್ಟೇ. ಕೆಲವು ಹಬ್ಬುಗಳಿಗೆ ಎಂಡ್ ಕ್ಯಾಪ್ ಬದಲಿಸಿದರೆ ಸಾಕು. 'ಸೂಪರ್‌ಬೂಸ್ಟ್ 157' ಮಾತ್ರ ಬೇರೆ ಜಾತಿ. ಕೆಲವು ಫ್ರೇಮುಗಳು 135 ಅಥವಾ 142 ಬೇಡುತ್ತವೆ.

ಬಾಟಮ್ ಬ್ರಾಕೆಟ್ (ಪೆಡಲಿನ ತೋಳು, ಅಂದರೆ ಕ್ರ್ಯಾಂಕ್, ಕೂರುವ ಜಾಗ): ಹೆಚ್ಚಿನ ಡೌನ್‌ಹಿಲ್ ಫ್ರೇಮುಗಳದ್ದು 83 ಮಿ.ಮೀ. ಅಗಲ. ಮಾಮೂಲಿ 73ರ ಕ್ರ್ಯಾಂಕಿನ ಆಕ್ಸಲ್ ಅದಕ್ಕೆ ಸಾಲುವುದಿಲ್ಲ. ಇಲ್ಲಿ 83ರ ಕ್ರ್ಯಾಂಕ್ ಹುಡುಕುವುದು ತಲೆನೋವು. ಹಾಗಾಗಿ ಫ್ರೇಮ್ ಜತೆಗೇ ಕ್ರ್ಯಾಂಕ್ ಬರುವಂತೆ ಚೌಕಾಸಿ ಮಾಡಿ.

ಶಾಕ್ (ಹಿಂದಿನ ಸಸ್ಪೆನ್ಷನ್): ಕಣ್ಣಿಂದ ಕಣ್ಣಿಗೆ (ಎರಡು ತುದಿಯ ಬೋಲ್ಟಿನ ತೂತುಗಳ ನಡುವಿನ) ಅಳತೆ ಮತ್ತು ಸ್ಟ್ರೋಕ್ (ಅದು ಕುಗ್ಗುವ ದೂರ). ಹಳೆಯವಕ್ಕೆ 241×76 ಅಥವಾ 222×70, ಹೊಸವಕ್ಕೆ 250×75 ಅಥವಾ ಟ್ರನಿಯನ್ (ಒಂದು ತುದಿಗೆ ಕಣ್ಣಿನ ಬದಲು ಪಕ್ಕದ ಬೋಲ್ಟುಗಳಿರುವ) 225×75. ಸಮೀಪದ ಅಳತೆಯದನ್ನು ಹಾಕಿದರೆ ನಡೆಯುತ್ತದೆ ಎಂದುಕೊಳ್ಳಬೇಡಿ. ಪೂರ್ತಿ ಕುಗ್ಗಿದಾಗ ಟೈರು ಫ್ರೇಮಿಗೆ ಬಡಿಯುತ್ತದೆ.

ಫೋರ್ಕ್: ಹಳೆಯ ರಾಕ್‌ಶಾಕ್ಸ್ ಬಾಕ್ಸರ್, ಫಾಕ್ಸ್ 40 ಇವುಗಳ ಸ್ಟೀರರ್ (ಹೆಡ್ ಟ್ಯೂಬಿನೊಳಗೆ ಹೋಗುವ ಕೊಳವೆ) ನೇರ 1⅛ ಇಂಚಿನದು. ಫ್ರೇಮಿನ ಹೆಡ್ ಟ್ಯೂಬ್ 1.5 ಅಥವಾ ಟೇಪರ್ (ಕೆಳಕ್ಕೆ ಅಗಲವಾಗುವಂಥದ್ದು) ಇದ್ದರೆ ಅಂತರ ತುಂಬುವ ರಿಡ್ಯೂಸರ್ ರೇಸ್ ಬೇಕು. ಹಿಂದಿನ ಮಾಲೀಕ ಸ್ಟೀರರ್ ಕತ್ತರಿಸಿರುತ್ತಾನೆ, ಆದ್ದರಿಂದ ಉದ್ದ ಸಾಕೇ ನೋಡಿ. ಬಾಕ್ಸರ್ 2010ರಲ್ಲಿ 32ರಿಂದ 35 ಮಿ.ಮೀ. ಕಾಲಿಗೆ ಬದಲಾಯಿತು. 32ರದ್ದು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಹೊಂದುವ ಸೀಲು, ಬಿಡಿಭಾಗ ಹುಡುಕಲು ಓಡಾಡಿ ಸಾಕಾಗುತ್ತದೆ.

ಹಳೆಯ ಸೈಕಲ್ ಪರೀಕ್ಷೆ

ತೊಳೆಯದ ಸೈಕಲ್ಲನ್ನು ನೋಡಿ ನಿರ್ಧರಿಸಬೇಡಿ. ಒಂದು ಬಟ್ಟೆ, ಟಾರ್ಚು, ಅಲೆನ್ ಕೀಗಳು, ಶಾಕ್ ಪಂಪು ಜತೆಗಿರಲಿ.

ಫ್ರೇಮಿನಲ್ಲಿ ನೋಡಬೇಕಾದ್ದು ಹೆಡ್ ಟ್ಯೂಬಿನ ಹಿಂಬದಿ, ಶಾಕ್ ಕೂರುವ ಬ್ರಾಕೆಟ್ಟುಗಳು, ಬಾಟಮ್ ಬ್ರಾಕೆಟ್ಟಿನ ಸುತ್ತ, ಹಿಂದಿನ ತ್ರಿಕೋನದ ಸೇತುವೆ ಮತ್ತು ಆಕ್ಸಲ್ ಕೂರುವ ಡ್ರಾಪ್‌ಔಟ್. ಬಿರುಕು ಹೆಚ್ಚಾಗಿ ಬೆಸುಗೆಯ ಮೇಲಲ್ಲ, ಬೆಸುಗೆ ಮುಗಿದು ಕೊಳವೆ ಶುರುವಾಗುವ ಅಂಚಿನಲ್ಲಿ ಹುಟ್ಟುತ್ತದೆ. ಹತ್ತಿಯ ತುಣುಕನ್ನು ಆ ಅಂಚಿನುದ್ದಕ್ಕೂ ಎಳೆಯಿರಿ. ಎಳೆ ಸಿಕ್ಕಿಹಾಕಿಕೊಂಡರೆ ಅನುಮಾನಪಡಿ. ಬಣ್ಣ ಮಾತ್ರ ಒಡೆದಿದ್ದರೆ ಗೀರು ಎತ್ತಲೋ ಅಡ್ಡಾದಿಡ್ಡಿ ಹೋಗುತ್ತದೆ. ಲೋಹ ಒಡೆದಿದ್ದರೆ ಅಂಚಿಗೆ ಅಂಟಿಕೊಂಡು ಹೋಗುತ್ತದೆ, ಒಳಗೆ ಕಪ್ಪು ಮಸಿ ಕಾಣುತ್ತದೆ. ಬಿರುಕು ಖಚಿತವಾದರೆ ಅಲ್ಲಿಗೆ ಮುಗಿಯಿತು. 'ವೆಲ್ಡ್ ಮಾಡಿಸಿದರೆ ಸರಿಹೋಗುತ್ತೆ' ಎಂಬ ಮಾತಿಗೆ ಕಿವಿಗೊಡಬೇಡಿ: ಬೆಸುಗೆಯ ಬಿಸಿಗೆ ಅಲ್ಯೂಮಿನಿಯಂ ಸುತ್ತಲೂ ಮೆತ್ತಗಾಗುತ್ತದೆ, ಮತ್ತೆ ಹೀಟ್ ಟ್ರೀಟ್‌ಮೆಂಟ್ ಮಾಡದಿದ್ದರೆ ಪಕ್ಕದಲ್ಲೇ ಒಡೆಯುತ್ತದೆ.

ಮಾರುವವರು ಒಪ್ಪಿದರೆ ಶಾಕಿನ ಒಂದು ಬೋಲ್ಟು ಬಿಚ್ಚಿ ಹಿಂದಿನ ಚಕ್ರವನ್ನು ಕೈಯಿಂದ ಮೇಲೆ ಕೆಳಗೆ ಆಡಿಸಿ, ಆಮೇಲೆ ಅಡ್ಡಕ್ಕೆ ಅಲುಗಿಸಿ. ಅಡ್ಡ ಅಲುಗಿದರೆ ಪಿವಟ್ (ಹಿಂದಿನ ತ್ರಿಕೋನ ಆಡುವ ಕೀಲು) ಬೇರಿಂಗ್ ಹೋಗಿವೆ. ಅದಕ್ಕೆ ಹೆದರಬೇಕಿಲ್ಲ, ಬೆಲೆ ಇಳಿಸಲು ಒಳ್ಳೆಯ ನೆಪ. ಇವು ಹೆಚ್ಚಾಗಿ 6900, 6901, 6902 ಮುಂತಾದ ಸಾಮಾನ್ಯ ಅಳತೆಗಳು. ಬೆಂಗಳೂರಿನ ಎಸ್‌ಜೆಪಿ ರಸ್ತೆಯಂಥ ಕಡೆ ಯಾವುದೇ ಬೇರಿಂಗ್ ಅಂಗಡಿಯಲ್ಲಿ ಕೇಳಬಹುದು. ರಬ್ಬರ್ ಸೀಲಿನ '2ಆರ್‌ಎಸ್' ಬೇಕು ಎನ್ನಿ. ಆದರೆ ಪಿವಟ್ ಬೋಲ್ಟಿನ ತೂತೇ ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಬೇರಿಂಗ್ ಬದಲಿಸಿ ಪ್ರಯೋಜನವಿಲ್ಲ, ಫ್ರೇಮೇ ಮುಗಿದಿದೆ.

ಫೋರ್ಕಿನ ಕಾಲುಗಳ ಮೇಲೆ ಉಗುರು ಎಳೆಯಿರಿ. ಉಗುರು ತಡೆದರೆ ಆ ಗೀರು ಸೀಲನ್ನು ಹರಿಯುತ್ತದೆ, ಎಣ್ಣೆ ಸೋರುತ್ತದೆ. ಎರಡು ಕ್ರೌನಿನ ಫೋರ್ಕಿನಲ್ಲಿ ಕ್ರೌನುಗಳ ನಡುವಿನ ಭಾಗ ಸೀಲಿನ ಒಳಗೆ ಹೋಗುವುದೇ ಇಲ್ಲ. ಅಲ್ಲಿನ ಸಣ್ಣ ಗೀರಿಗೆ ತಲೆ ಕೆಡಿಸಿಕೊಳ್ಳಬೇಡಿ, ಆಳವಾದ ತಗ್ಗಾಗಿದ್ದರೆ ಮಾತ್ರ ಬಿಡಿ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಿಸಿದಾಗ ಟಕ್ ಟಕ್ ಅಂದರೆ, ಒಂದು ಬೆರಳನ್ನು ಹೆಡ್‌ಸೆಟ್ ಮೇಲೆ, ಆಮೇಲೆ ಸೀಲಿನ ಮೇಲೆ ಇಟ್ಟು ನೋಡಿ. ಹೆಡ್‌ಸೆಟ್ ಆದರೆ ಬಿಗಿ ಮಾಡಿದರೆ ಸಾಕು. ಅಲುಗಾಟ ಸೀಲಿನ ಬಳಿ ಇದ್ದರೆ ಒಳಗಿನ ಬುಶ್ ಸವೆದಿದೆ. ಅದನ್ನು ಬದಲಿಸಲು ವಿಶೇಷ ಟೂಲ್ ಬೇಕು, ಖರ್ಚು ಹೆಚ್ಚು. ರಿಬೌಂಡ್ ಗುಂಡಿಯನ್ನು ಒಂದು ತುದಿಯಿಂದ ಇನ್ನೊಂದಕ್ಕೆ ತಿರುಗಿಸಿ ಒತ್ತಿ ಬಿಡಿ. ಮೇಲೇಳುವ ವೇಗ ಬದಲಾಗದಿದ್ದರೆ ಡ್ಯಾಂಪರ್ ಕೆಲಸ ಮಾಡುತ್ತಿಲ್ಲ. ಏರ್ ಫೋರ್ಕಾದರೆ ಒತ್ತಡ ಹಾಕಿ ಇಟ್ಟು ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಪಂಪು ಸಿಕ್ಕಿಸುವಾಗಲೇ ಸ್ವಲ್ಪ ಗಾಳಿ ಪಂಪಿನ ಮೆದುಗೊಳವೆಗೆ ಹೋಗುತ್ತದೆ, ಅದು ಸೋರಿಕೆಯಲ್ಲ.

ಬ್ರೇಕಿನ ಲಿವರ್ ಹಿಡಿಕೆಗೆ ತಾಗುತ್ತಿದ್ದರೆ ಬ್ಲೀಡ್ ಮಾಡಿ (ಪೈಪಿನೊಳಗಿನ ಗಾಳಿ ತೆಗೆದು) ಸರಿಪಡಿಸಬಹುದು. ಪ್ಯಾಡ್ ತೆಗೆದಾಗ ಕ್ಯಾಲಿಪರಿನೊಳಗೆ ಎಣ್ಣೆ ಜಿನುಗಿದ್ದರೆ ಬೇರೆ ಕಥೆ: ಶಿಮಾನೊ ಕ್ಯಾಲಿಪರಿನ ಒಳಸೀಲುಗಳನ್ನು ಕಂಪನಿ ಬಿಡಿಯಾಗಿ ಮಾರುವುದಿಲ್ಲ, ಇಡೀ ಕ್ಯಾಲಿಪರ್ ಬದಲಿಸಬೇಕು. ಸ್ರ್ಯಾಮ್‌ಗೆ ರಿಪೇರಿ ಕಿಟ್ ಇದೆ.

ಸ್ಪ್ರಿಂಗಿನ ಲೆಕ್ಕ

ಹಳೆಯ ಸೈಕಲ್ ಹಿಂದಿನವರ ತೂಕಕ್ಕೆ ಹೊಂದಿಸಿದ್ದಿರುತ್ತದೆ. ಕಾಯಿಲ್ ಶಾಕ್ ಆದರೆ ಸ್ಪ್ರಿಂಗ್ ಬದಲಿಸುವುದು ನೀವು ಮಾಡುವ ಅತಿ ಲಾಭದ ಖರ್ಚು. ಲೆಕ್ಕ ಹೀಗೆ. ಚಕ್ರದ ಟ್ರಾವೆಲ್ 200, ಶಾಕಿನ ಸ್ಟ್ರೋಕ್ 76 ಆದರೆ ಸರಾಸರಿ ಲಿವರೇಜ್ 200 ÷ 76 = 2.63. ಸವಾರ 70 ಕಿಲೋ, ಹೆಲ್ಮೆಟ್ ಪ್ಯಾಡುಗಳು 5 ಕಿಲೋ, ಒಟ್ಟು 75 ಕಿಲೋ, ಅಂದರೆ 165 ಪೌಂಡ್. ಅದರ ಸುಮಾರು ಶೇ. 65 ಹಿಂದಿನ ಚಕ್ರದ ಮೇಲೆ ಬೀಳುತ್ತದೆ: 107 ಪೌಂಡ್. ಶಾಕಿಗೆ ತಗಲುವ ಭಾರ 107 × 2.63 = 282 ಪೌಂಡ್. ಸ್ಯಾಗ್ (ಸವಾರನ ಭಾರಕ್ಕೇ ಕುಗ್ಗುವ ಪ್ರಮಾಣ) ಶೇ. 30 ಬೇಕೆಂದರೆ 76 ಮಿ.ಮೀ.ಯಲ್ಲಿ 23 ಮಿ.ಮೀ., ಅಂದರೆ 0.9 ಇಂಚು. 282 ÷ 0.9 = 313, ಇದೇ ಸ್ಪ್ರಿಂಗಿನ ಗಡಸುತನ (ಇಂಚಿಗೆ ಇಷ್ಟು ಪೌಂಡ್). ಮಾರುಕಟ್ಟೆಯಲ್ಲಿ 300 ಅಥವಾ 350 ಸಿಗುತ್ತದೆ. 300 ತೆಗೆದುಕೊಳ್ಳಿ, ಸ್ಯಾಗ್ ಶೇ. 31 ಬರುತ್ತದೆ.

ಸ್ಪ್ರಿಂಗಿನ ಮೇಲೆ ಬರೆದಿರುವ ಎರಡನೇ ಅಂಕಿ ಅದರ ಸ್ಟ್ರೋಕ್. ಅದು ಶಾಕಿನ ಸ್ಟ್ರೋಕಿಗಿಂತ ಕಡಿಮೆ ಇರಕೂಡದು. ಇದ್ದರೆ ಸುರುಳಿಗಳು ಒಂದಕ್ಕೊಂದು ಬಡಿದು ಶಾಕಿನ ತಲೆಯೇ ಒಡೆಯುತ್ತದೆ. ಪ್ರಿಲೋಡ್ ಉಂಗುರವನ್ನು ಸ್ಪ್ರಿಂಗ್ ಅಲುಗದಷ್ಟು ಬಿಗಿ ಮಾಡಿ ಮೇಲೆ ಒಂದೆರಡು ಸುತ್ತು, ಅಷ್ಟೇ. ಅದಕ್ಕಿಂತ ಹೆಚ್ಚು ಬೇಕಾದರೆ ಸ್ಪ್ರಿಂಗ್ ಮೆದು ಎಂದರ್ಥ. ಫೋರ್ಕಿಗೆ 200ರಲ್ಲಿ 40 ಮಿ.ಮೀ. ಆಸುಪಾಸು ಸ್ಯಾಗ್ ಇಟ್ಟು ಶುರುಮಾಡಿ. ಕಾಲಿಗೆ ಒಂದು ಕೇಬಲ್ ಟೈ ಕಟ್ಟಿದರೆ ಅಳೆಯುವುದು ಸುಲಭ. ಅಳೆಯುವಾಗ ಸೀಟಿನ ಮೇಲೆ ಕೂರದೆ ಪೆಡಲ್ ಮೇಲೆ ನಿಲ್ಲಿ, ಇನ್ನೊಬ್ಬರು ಹಿಡಿದುಕೊಳ್ಳಲಿ.

ಕೊಂಡ ಫೋರ್ಕ್ ಎಷ್ಟೇ ಚೆನ್ನಾಗಿ ಕಂಡರೂ ಮೊದಲ ಇಳಿತಕ್ಕೆ ಮುಂಚೆ ಕೆಳಗಿನ ಕಾಲು ಬಿಚ್ಚಿ, ಡಸ್ಟ್ ಸೀಲು, ಸ್ಪಂಜಿನ ಉಂಗುರ, ಎಣ್ಣೆ ಬದಲಿಸಿ. ಆಮೇಲೆ ಸುಮಾರು 50 ಗಂಟೆಗೊಮ್ಮೆ. ಮಳೆಗಾಲದ ಕೆಸರಿನಲ್ಲಿ ಅದಕ್ಕೂ ಮೊದಲೇ.

ಬ್ರೇಕು, ಟೈರು, ಉಳಿದದ್ದು

ನಾಲ್ಕು ಪಿಸ್ಟನ್ನಿನ ಕ್ಯಾಲಿಪರ್, ಮುಂದೆ ಹಿಂದೆ ಎರಡೂ ಕಡೆ 200 ಅಥವಾ 203 ಮಿ.ಮೀ. ಡಿಸ್ಕ್. ಹಳೆಯ ಶಿಮಾನೊ ಜೀ, ಸೇಂಟ್, ಸ್ರ್ಯಾಮ್ ಕೋಡ್ ಚೆನ್ನ. ಹೊಸದೇ ಬೇಕಾದರೆ ಶಿಮಾನೊ ಎಂಟಿ520 ಅಥವಾ ಡಿಯೋರ್ ಎಂ6120 ಬೆಲೆಗೆ ಮೀರಿ ಕೆಲಸ ಮಾಡುತ್ತವೆ. ಇಲ್ಲಿ ಒಂದು ಬಲೆ ಇದೆ: ಅಗ್ಗದ ಕೆಲವು ಶಿಮಾನೊ ಡಿಸ್ಕುಗಳ ಮೇಲೆ 'ರೆಸಿನ್ ಪ್ಯಾಡ್ ಓನ್ಲಿ' ಎಂದು ಕೊರೆದಿರುತ್ತದೆ. ಘಟ್ಟದ ಮಳೆಗೆ ಬೇಕಾಗುವುದು ಬೇಗ ಸವೆಯದ ಮೆಟಲ್ ಪ್ಯಾಡ್. ಅದು ಆ ಮೆದು ಡಿಸ್ಕನ್ನು ತಿಂದುಹಾಕುತ್ತದೆ. ಶಿಮಾನೊ ಡಿಸ್ಕ್ 1.5 ಮಿ.ಮೀ.ಗೆ ಸವೆದರೆ ಎಸೆಯಿರಿ. ಶಿಮಾನೊಗೆ ಮಿನರಲ್ ಆಯಿಲ್, ಸ್ರ್ಯಾಮ್ ಕೋಡ್‌ಗೆ ಡಾಟ್ 5.1. ಅದಲುಬದಲಾದರೆ ಸೀಲುಗಳು ಉಬ್ಬಿ ಇಡೀ ಬ್ರೇಕ್ ಹಾಳು.

ಟೈರು ಎರಡು ಪದರದ ಡೌನ್‌ಹಿಲ್ ಕೇಸಿಂಗಿನದ್ದೇ ಇರಲಿ, 2.4 ಅಥವಾ 2.5 ಅಗಲ. ಮ್ಯಾಕ್ಸಿಸ್ ಅಸೆಗಾಯ್ ಅಥವಾ ಮಿನಿಯನ್ ಡಿಎಚ್ಎಫ್ ಮುಂದಕ್ಕೆ, ಡಿಎಚ್ಆರ್ 2 ಹಿಂದಕ್ಕೆ. ಎರಡು ಹೊಸದಕ್ಕೆ ದುಡ್ಡು ಸಾಲದಿದ್ದರೆ ಹೊಸದನ್ನು ಮುಂದೆ ಹಾಕಿ, ಸವೆದದ್ದನ್ನು ಹಿಂದಕ್ಕೆ ತಳ್ಳಿ. ಹಿಂದಿನ ಚಕ್ರ ಜಾರಿದರೆ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ನೆಲವೇ ಗತಿ. ಟ್ಯೂಬ್‌ಲೆಸ್ ಮಾಡಿ, ಚಕ್ರಕ್ಕೆ 100ರಿಂದ 120 ಮಿ.ಲೀ. ಸೀಲಂಟ್ (ತೂತು ಮುಚ್ಚುವ ದ್ರವ) ಹಾಕಿ. ನಮ್ಮ ಬಿಸಿಲಿಗೆ ಅದು ಎರಡು ಮೂರು ತಿಂಗಳಲ್ಲೇ ಒಣಗುತ್ತದೆ. 70 ಕಿಲೋ ಸವಾರನಿಗೆ ಮುಂದೆ 24, ಹಿಂದೆ 27 ಪಿಎಸ್‌ಐಯಿಂದ ಶುರುಮಾಡಿ. ಟ್ಯೂಬೇ ಹಾಕುವುದಾದರೆ ಮೂರು ನಾಲ್ಕು ಹೆಚ್ಚು ಬೇಕು, ಇಲ್ಲದಿದ್ದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಎರಡು ತೂತು ಬೀಳುತ್ತದೆ.

ಗೇರಿಗೆ ಹತ್ತು ಸ್ಪೀಡು ಸಾಕು. ರೋಡ್ ಸೈಕಲ್ಲಿನ 11–28 ಹಲ್ಲಿನ ಹತ್ತು ಸ್ಪೀಡಿನ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಅಗ್ಗಕ್ಕೆ ಸಿಗುತ್ತದೆ, ಎಂಟಿಬಿಯ ಹತ್ತು ಸ್ಪೀಡಿನ ಶಿಫ್ಟರಿಗೆ ಹೊಂದುತ್ತದೆ. ಚೈನು ಕುಣಿಯದಂತೆ ಹಿಡಿಯುವ ಕ್ಲಚ್ ಇರುವ ಡಿರೇಲರ್, ಮುಂದೆ 34 ಅಥವಾ 36 ಹಲ್ಲಿನ ಒಂದೇ ರಿಂಗು, ಚೈನ್ ಗೈಡು. ಇಷ್ಟೇ.

ಹೆಲ್ಮೆಟ್ಟಿಗೆ ಬೇರೆಯೇ ದುಡ್ಡು ಎತ್ತಿಡಿ. ಎಎಸ್‌ಟಿಎಂ ಎಫ್1952 (ಡೌನ್‌ಹಿಲ್ ಹೆಲ್ಮೆಟ್ಟಿನ ಮಾನದಂಡ) ಗುರುತಿರುವ ಫುಲ್‌ಫೇಸ್, ಹೊಸದೇ. ಹಳೆಯ ಹೆಲ್ಮೆಟ್ ಎಷ್ಟು ಪೆಟ್ಟು ತಿಂದಿದೆ ಎಂದು ಹೊರಗಿನಿಂದ ಹೇಳಲಾಗದು.

ಜೋಡಿಸುವಾಗ

ಹೆಡ್‌ಸೆಟ್ ಕಪ್ಪುಗಳನ್ನು ಸುತ್ತಿಗೆಯಿಂದ ಬಡಿಯಬೇಡಿ; ಓರೆಯಾಗಿ ಹೊಕ್ಕರೆ ಹೆಡ್ ಟ್ಯೂಬ್ ಹಿಗ್ಗುತ್ತದೆ. ಹಾರ್ಡ್‌ವೇರ್ ಅಂಗಡಿಯ ಥ್ರೆಡ್ ರಾಡು, ಎರಡು ನಟ್ಟು, ದೊಡ್ಡ ವಾಷರುಗಳಿದ್ದರೆ ಪ್ರೆಸ್ ಆಯಿತು. ಒಂದೊಂದೇ ಕಪ್ಪು ಒತ್ತಿ.

ಆಮೇಲಿನ ಕೆಲಸವನ್ನು ಹೆಚ್ಚಿನವರು ಮರೆಯುತ್ತಾರೆ. ಶಾಕಿನ ಸ್ಪ್ರಿಂಗ್ ತೆಗೆದು, ಫೋರ್ಕಿನ ಗಾಳಿ ಬಿಟ್ಟು, ಸೈಕಲ್ಲನ್ನು ಎರಡೂ ಕಡೆ ಪೂರ್ತಿ ಕುಗ್ಗಿಸಿ ನೋಡಿ. ಹಿಂದಿನ ಟೈರು ಸೀಟಿಗೆ ತಾಗುತ್ತದೆಯೇ, ಮುಂದಿನ ಟೈರಿಗೂ ಕೆಳ ಕ್ರೌನಿಗೂ ನಡುವೆ ಜಾಗ ಉಳಿದಿದೆಯೇ, ಹಿಂದಿನ ಬ್ರೇಕಿನ ಪೈಪು ಎಳೆಯುತ್ತದೆಯೇ. ಚೈನಿನ ಉದ್ದವನ್ನೂ ಇದೇ ಸ್ಥಿತಿಯಲ್ಲಿ, ಅತಿ ದೊಡ್ಡ ಹಲ್ಲುಚಕ್ರದ ಮೇಲೆ ಹಾಕಿ ತೀರ್ಮಾನಿಸಿ. ನಿಂತ ಸೈಕಲ್ಲಿಗೆ ಸರಿಯಾಗಿ ಕತ್ತರಿಸಿದ ಚೈನು ಮೊದಲ ದೊಡ್ಡ ಡ್ರಾಪಿನಲ್ಲಿ ಡಿರೇಲರನ್ನು ಕಿತ್ತುಕೊಂಡು ಬರುತ್ತದೆ. ಹ್ಯಾಂಡಲ್ಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ, ಫೋರ್ಕಿನ ರಬ್ಬರ್ ಬಂಪರ್ ಫ್ರೇಮಿಗೆ ಮೊದಲು ತಾಗುವಂತೆ ಹೊಂದಿಸಿ. ಲೋಹ ತಾಗಿದರೆ ಬಿದ್ದಾಗ ಡೌನ್ ಟ್ಯೂಬ್ ನುಗ್ಗಾಗುತ್ತದೆ.

ಟಾರ್ಕ್ ರೆಂಚ್ ಸಾಲ ತಂದಾದರೂ ಬಳಸಿ. ಸ್ಟೆಮ್ ಬೋಲ್ಟುಗಳಿಗೆ 5ರಿಂದ 6 ನ್ಯೂಟನ್ ಮೀಟರ್, ಕ್ಯಾಲಿಪರಿಗೆ 6ರಿಂದ 8, ಶಿಮಾನೊ ಕ್ರ್ಯಾಂಕಿನ ಪಿಂಚ್ ಬೋಲ್ಟುಗಳಿಗೆ 12ರಿಂದ 14. ಕ್ರೌನ್ ಬೋಲ್ಟುಗಳಿಗೆ ಫೋರ್ಕಿನ ಮೇಲೇ ಬರೆದಿರುತ್ತದೆ. ಪಿವಟ್ ಬೋಲ್ಟುಗಳಿಗೆ ನೀಲಿ ಥ್ರೆಡ್‌ಲಾಕರ್ ಒಂದು ಹನಿ. ಎಡ ಪೆಡಲಿನ ಥ್ರೆಡ್ ಉಲ್ಟಾ.

ಹೊಸ ಪ್ಯಾಡ್ ಹಾಕಿದ ಮೇಲೆ ಡಿಸ್ಕನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಖಾಲಿ ರಸ್ತೆಯಲ್ಲಿ 20–25 ಕಿ.ಮೀ. ವೇಗದಿಂದ ನಡಿಗೆಯ ವೇಗಕ್ಕೆ ಗಟ್ಟಿಯಾಗಿ ಬ್ರೇಕ್ ಹಿಡಿಯಿರಿ, ಪೂರ್ತಿ ನಿಲ್ಲಿಸಬೇಡಿ. ಒಂದೊಂದು ಬ್ರೇಕಿಗೆ ಹದಿನೈದಿಪ್ಪತ್ತು ಸಲ. ಇದನ್ನು ಬಿಟ್ಟು ನೇರ ಇಳಿಜಾರಿಗೆ ಹೋದರೆ ಪ್ಯಾಡ್ ಗಾಜಿನಂತೆ ನುಣುಪಾಗಿ ಕಿರುಚುತ್ತದೆ, ಹಿಡಿಯುವುದಿಲ್ಲ.

ಮೊದಲ ದಿನ ಎರಡು ಇಳಿತ ಆದ ಮೇಲೆ ಎಲ್ಲ ಬೋಲ್ಟುಗಳನ್ನೂ ಮತ್ತೆ ನೋಡಿ, ಪಿವಟ್ ಮತ್ತು ಡಿಸ್ಕಿನವನ್ನು ಬಿಡದೆ. ಹಿಂದಿನ ಚಕ್ರದ ಕಡ್ಡಿಗಳನ್ನು ಎರಡೆರಡಾಗಿ ಹಿಸುಕಿ ಸಡಿಲವಾದವನ್ನು ಬಿಗಿ ಮಾಡಿ. ಡಿರೇಲರ್ ಹ್ಯಾಂಗರ್ (ಅದನ್ನು ಫ್ರೇಮಿಗೆ ಹಿಡಿಯುವ ತುಂಡು) ಒಂದೊಂದು ಫ್ರೇಮಿಗೆ ಒಂದೊಂದು ತರಹ. ನಿಮ್ಮದು ಮುರಿಯುವ ಮೊದಲೇ ಎರಡು ತರಿಸಿ, ಒಂದನ್ನು ಸೀಟಿನ ಕೆಳಗೆ ಟೇಪ್ ಸುತ್ತಿ ಇಟ್ಟುಕೊಳ್ಳಿ.